ಗೋಕರ್ಣದ ಆತ್ಮಲಿಂಗ: ಕಥೆಗೆ ರಾವಣ ಬಂದ ದಾರಿ, ಗಣಪತಿ ಬಂದ ದಾರಿ

ಉತ್ತರ ಕನ್ನಡ ಜಿಲ್ಲೆಯ ಗೋಕರ್ಣದಲ್ಲಿ ಮಹಾಬಲೇಶ್ವರ ನೆಲೆನಿಂತ ಕಥೆಯನ್ನು ಕರಾವಳಿಯ ಮಕ್ಕಳು ಅಜ್ಜಿಯ ಬಾಯಿಂದಲೇ ಕೇಳಿ ಬೆಳೆಯುತ್ತಾರೆ. ರಾವಣನ ತಾಯಿ ಕೈಕಸಿ ಕಡಲ ದಂಡೆಯಲ್ಲಿ ಹೊಯ್ಗೆಯ ಲಿಂಗ ಮಾಡಿ ಪೂಜೆಗೆ ಕೂತಿದ್ದಳು. ತೆರೆ ಬಂದು ಲಿಂಗವನ್ನು ಕೊಚ್ಚಿಕೊಂಡು ಹೋಯಿತು. ಅತ್ತ ತಾಯಿಯನ್ನು ಕಂಡ ಮಗ ಶಿವನ ಆತ್ಮಲಿಂಗವನ್ನೇ ತಂದುಕೊಡುತ್ತೇನೆಂದು ಕೈಲಾಸಕ್ಕೆ ಹೋದ, ಘೋರ ತಪಸ್ಸು ಮಾಡಿದ, ಪಡೆದ. ಲಂಕೆ ಮುಟ್ಟುವತನಕ ಲಿಂಗವನ್ನು ನೆಲಕ್ಕಿಡಬಾರದೆಂಬುದು ಶಿವನ ಕಟ್ಟಳೆ. ಆತ್ಮಲಿಂಗ ಲಂಕೆ ಸೇರಿದರೆ ರಾವಣನನ್ನು ಹಿಡಿಯುವವರಿಲ್ಲವೆಂದು ದೇವತೆಗಳು ಹೆದರಿದರು. ವಿಷ್ಣು ಚಕ್ರದಿಂದ ಸೂರ್ಯನನ್ನು ಮರೆಮಾಡಿದ. ಸಂಜೆಯಾಯಿತೆಂದು ರಾವಣ ಸಂಧ್ಯಾವಂದನೆಗೆ ಅಣಿಯಾದ. ದನ ಕಾಯುತ್ತಿದ್ದ ಒಬ್ಬ ಮಾಣಿ ಕಣ್ಣಿಗೆ ಬಿದ್ದ. ಅವನ ಕೈಯಲ್ಲಿ ಲಿಂಗವಿಟ್ಟು ರಾವಣ ನೀರಿಗಿಳಿದ. ಭಾರ ತಡೆಯಲಾಗದಿದ್ದರೆ ಮೂರು ಸಲ ಕರೆಯುತ್ತೇನೆ, ಬಾರದಿದ್ದರೆ ಕೆಳಗಿಡುತ್ತೇನೆ ಎಂದಿದ್ದ ಮಾಣಿ ಬೇಗಬೇಗನೆ ಮೂರು ಸಲ ಕೂಗಿ ಲಿಂಗವನ್ನು ನೆಲಕ್ಕೂರಿಬಿಟ್ಟ. ಮಾಣಿ ಬೇರೆ ಯಾರೂ ಅಲ್ಲ, ಗಣಪತಿ. ಓಡಿಬಂದ ರಾವಣ ಸಿಟ್ಟಿನಿಂದ ಅವನ ತಲೆಗೆ ಗುದ್ದಿದ. ಲಿಂಗವನ್ನು ಹಿಡಿದು ಎಳೆದ, ತಿರುಚಿದ. ಅದು ಹಸುವಿನ ಕಿವಿಯಂತೆ ಮುರುಟಿತೇ ಹೊರತು ಮೇಲೇಳಲಿಲ್ಲ.

ಹೀಗೆ ಒಂದೇ ಉಸಿರಿಗೆ ಹೇಳಿ ಮುಗಿಸಬಹುದಾದ ಈ ಕಥೆ ಹಳೆಯ ಗ್ರಂಥಗಳಲ್ಲಿ ಒಂದೇ ಕಡೆ ಹೀಗೆ ಸಿಗುವುದಿಲ್ಲ. ಕ್ಷೇತ್ರ, ರಾವಣ, ಹೊತ್ತು ತಂದ ಲಿಂಗ, ಗಣಪತಿ ಈ ನಾಲ್ಕೂ ಬೇರೆಬೇರೆ ದಾರಿಯಿಂದ ಬಂದು ಇಲ್ಲಿ ಕೂಡಿಕೊಂಡಿವೆ ಎಂಬುದು ಈ ಟಿಪ್ಪಣಿಯ ವಾದ. ಹಾಗೆ ಹೇಳಿದ ಮಾತ್ರಕ್ಕೆ ಕಥೆಯ ಬೆಲೆ ಕುಂದುವುದಿಲ್ಲ. ಚದುರಿದ್ದ ಎಳೆಗಳನ್ನು ಹುರಿಮಾಡಿದವರು ಗೋಕರ್ಣದ ನೆಲ, ಕಡಲು, ಗುಡಿ, ಯಾತ್ರಾಕ್ರಮ ಎಲ್ಲವನ್ನೂ ಬಲ್ಲವರಾಗಿದ್ದರು. ಅವರ ಕೆಲಸವನ್ನು ಗುರುತಿಸುವುದೇ ನನ್ನ ಆಸೆ.

ಮೊದಲು ಕ್ಷೇತ್ರದ ಮಾತು. ಮಹಾಭಾರತದ ವನಪರ್ವದಲ್ಲಿ ದೊಡ್ಡದೊಂದು ತೀರ್ಥಯಾತ್ರಾ ಪ್ರಕರಣವಿದೆ. ಅಲ್ಲಿ ಗೋಕರ್ಣ ಸಮುದ್ರದ ನಡುವೆ ಇರುವ, ಮೂರು ಲೋಕಕ್ಕೂ ಪ್ರಸಿದ್ಧವಾದ ಕ್ಷೇತ್ರ. ಬ್ರಹ್ಮಾದಿ ದೇವತೆಗಳು, ಋಷಿಗಳು, ಭೂತ ಯಕ್ಷ ಪಿಶಾಚರು, ನದಿ ಸಮುದ್ರ ಪರ್ವತಗಳು ಅಲ್ಲಿ ಉಮಾಪತಿಯನ್ನು ಸೇವಿಸುತ್ತವೆ. ಅಲ್ಲಿ ಮೂರು ರಾತ್ರಿ ಉಪವಾಸವಿದ್ದು ಈಶಾನನನ್ನು ಪೂಜಿಸಿದವನಿಗೆ ಅಶ್ವಮೇಧದ ಫಲ, ಜೊತೆಗೆ ಗಾಣಪತ್ಯ. ಈ ಗಾಣಪತ್ಯವೆಂದರೆ ಶಿವಗಣಗಳ ಒಡೆತನ. ಇದನ್ನು ಹಿಡಿದು ಅಲ್ಲಿ ಆಗಲೇ ಗಣಪತಿಯ ಗುಡಿ ಇತ್ತೆಂದು ವಾದಿಸಲು ಬರುವುದಿಲ್ಲ. ಇಷ್ಟಕ್ಕೂ ಇಲ್ಲಿ ಗಮನಿಸಬೇಕಾದ್ದು ಹೇಳುವವನು ಯಾರೆಂಬುದನ್ನು. ಭೀಷ್ಮನಿಗೆ ಈ ತೀರ್ಥಗಳ ಮಹಿಮೆ ಹೇಳುತ್ತಿರುವವನು ಪುಲಸ್ತ್ಯ, ಅಂದರೆ ರಾವಣನ ಅಜ್ಜ. ಹಲವು ತೀರ್ಥಗಳ ಜೊತೆಗೆ ಅವುಗಳ ಕಥೆಯನ್ನೂ ಹೇಳುವ ಈ ಋಷಿ ಗೋಕರ್ಣದ ಮಾತು ಬಂದಾಗ ಮೊಮ್ಮಗನ ಹೆಸರೆತ್ತುವುದಿಲ್ಲ. ಮೌನವೊಂದನ್ನೇ ಆಧಾರ ಮಾಡಿಕೊಂಡು ತೀರ್ಪು ಕೊಡಬಾರದೆಂಬುದು ಸರಿ. ಆದರೂ ರಾವಣ ತಂದ ಲಿಂಗವೆಂಬ ಪ್ರಸಿದ್ಧಿ ಆಗ ಇದ್ದಿದ್ದರೆ ಅದನ್ನು ಪುಲಸ್ತ್ಯನ ಬಾಯಲ್ಲಿ ಹೇಳಿಸದೆ ಬಿಡುವುದು ಯಾವ ಕಥೆಗಾರನಿಗೂ ಕಷ್ಟವೆಂದು ನನಗೆ ತೋರುತ್ತದೆ.

ಕಾಳಿದಾಸನದೂ ಇದೇ ನೋಟ. ರಘುವಂಶದ ಎಂಟನೆಯ ಸರ್ಗದಲ್ಲಿ ನಾರದ ದಕ್ಷಿಣ ಸಮುದ್ರದ ದಡದ ಗೋಕರ್ಣದಲ್ಲಿ ನೆಲೆಸಿದ ಈಶ್ವರನಿಗೆ ವೀಣೆ ನುಡಿಸಲು ಆಕಾಶಮಾರ್ಗವಾಗಿ ಹೊರಟಿರುತ್ತಾನೆ. ಅವನ ವೀಣೆಯ ತುದಿಯಿಂದ ಗಾಳಿಗೆ ಜಾರಿದ ಹೂಮಾಲೆ ಅಜ ಮಹಾರಾಜನ ಮಡದಿ ಇಂದುಮತಿಯ ಎದೆಯ ಮೇಲೆ ಬಿದ್ದು ಅವಳ ಪ್ರಾಣ ಹೋಗುತ್ತದೆ. ಇಡೀ ಅಜವಿಲಾಪಕ್ಕೆ ಕಾರಣವಾದ ಯಾತ್ರೆ ಗೋಕರ್ಣಯಾತ್ರೆ. ದಡವನ್ನೂ ದಿಕ್ಕನ್ನೂ ಕಾಳಿದಾಸ ಹೇಳಿದ್ದು ನಮಗೆ ದೊಡ್ಡ ಉಪಕಾರ, ಏಕೆಂದರೆ ಗೋಕರ್ಣವೆಂಬ ಹೆಸರು ಒಂದೇ ಊರಿಗಿಲ್ಲ. ನೇಪಾಳದ ಬಾಗ್ಮತಿ ದಡದಲ್ಲಿ ಗೋಕರ್ಣೇಶ್ವರನಿದ್ದಾನೆ. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಗೋಲಾ ಗೋಕರ್ಣನಾಥನಿದ್ದಾನೆ. ಕಳಿಂಗದ ಪೂರ್ವ ಗಂಗ ಅರಸರು ತಮ್ಮ ತಾಮ್ರಶಾಸನಗಳಲ್ಲಿ ನೆನೆಯುವುದು ಮಹೇಂದ್ರಗಿರಿಯ ಗೋಕರ್ಣಸ್ವಾಮಿಯನ್ನು. ಆದ್ದರಿಂದ ಹಳೆಯ ಗ್ರಂಥದಲ್ಲಿ ಗೋಕರ್ಣವೆಂದು ಕಂಡ ಕೂಡಲೇ ನಮ್ಮ ಗೋಕರ್ಣವೆಂದು ಬರೆದುಕೊಳ್ಳುವಂತಿಲ್ಲ. ರಾಮಾಯಣದ ಬಾಲಕಾಂಡದಲ್ಲಿ ಭಗೀರಥ ಗಂಗೆಗಾಗಿ ಗೋಕರ್ಣದಲ್ಲಿ ತಪಸ್ಸು ಮಾಡಿದನೆಂದಿದೆ. ಅದನ್ನು ಹಿಮಾಲಯದ ಕಡೆಗೆ ಇಡುವುದೇ ಹೆಚ್ಚು ಹೊಂದುತ್ತದೆ. ಸುಂದರಕಾಂಡದಲ್ಲಿ ಹನುಮಂತ ಸೀತೆಗೆ ತನ್ನ ಹುಟ್ಟಿನ ಕಥೆ ಹೇಳುವಾಗ, ತಂದೆ ಕೇಸರಿ ಮಾಲ್ಯವಂತ ಪರ್ವತದಿಂದ ಗೋಕರ್ಣಕ್ಕೆ ಹೋಗಿ ಸಮುದ್ರತೀರ್ಥದಲ್ಲಿ ಶಂಬಸಾದನನೆಂಬ ಅಸುರನನ್ನು ಕೊಂದನೆನ್ನುತ್ತಾನೆ. ಇಲ್ಲಿ ಕಡಲಿನ ಗುರುತೂ ಇದೆ, ಕಿಷ್ಕಿಂಧೆಯ ಸೀಮೆಯ ನಂಟೂ ಇದೆ. ಇದು ಪಡುವಣ ಕಡಲಿನ ಗೋಕರ್ಣವೇ ಎನ್ನಲು ಅಡ್ಡಿಯಿಲ್ಲ.

ಕನ್ನಡದ ಸಾಕ್ಷಿಗೆ ಬಂದರೆ, ಕ್ರಿ.ಶ. 941ರ ಸುಮಾರಿಗೆ ಪಂಪ ವಿಕ್ರಮಾರ್ಜುನ ವಿಜಯದಲ್ಲಿ ಅರ್ಜುನನ ತೀರ್ಥಯಾತ್ರೆಯನ್ನು ಹೇಳುತ್ತ ಅವನನ್ನು ಗೋಕರ್ಣಕ್ಕೆ ಕರೆತಂದು ಗೌರೀನಾಥನ ದರ್ಶನ ಮಾಡಿಸುತ್ತಾನೆ. ಬನವಾಸಿಯ ಪ್ರಸಿದ್ಧ ವರ್ಣನೆ ಬರುವುದು ಅದರ ಬೆನ್ನಿಗೇ. ಪಂಪನ ಸ್ತುತಿ ಶಿವನ ಅಷ್ಟಮೂರ್ತಿಯನ್ನು ಕುರಿತದ್ದು: ಭೂಮಿ, ಆಕಾಶ, ಗಾಳಿ, ಬೆಂಕಿ, ಸೂರ್ಯ, ನೀರು, ಚಂದ್ರ, ಯಜಮಾನ. ರಾವಣನೂ ಇಲ್ಲ, ಗಣಪತಿಯೂ ಇಲ್ಲ.

ಹಾಗಾದರೆ ರಾವಣ ಗೋಕರ್ಣಕ್ಕೆ ಬಂದದ್ದು ಎಲ್ಲಿಂದ? ರಾಮಾಯಣದ ಉತ್ತರಕಾಂಡದಿಂದ. ಇದು ಮೂಲ ಕಾವ್ಯಕ್ಕಿಂತ ಈಚಿನದೆಂದು ಬಹುಮಂದಿ ವಿದ್ವಾಂಸರು ಒಪ್ಪಿದ್ದಾರಾದರೂ ರಾವಣನ ಪೂರ್ವಕಥೆಗೆ ಇದೇ ದೊಡ್ಡ ಆಕರ. ಅಲ್ಲಿನ ಸನ್ನಿವೇಶ ಹೀಗಿದೆ. ರಾವಣನ ತಂದೆ ವಿಶ್ರವಸ್ಸಿನ ಇನ್ನೊಬ್ಬ ಮಗ ವೈಶ್ರವಣ, ಎಂದರೆ ಕುಬೇರ, ತಂದೆಯನ್ನು ಕಾಣಲು ಪುಷ್ಪಕ ವಿಮಾನದಲ್ಲಿ ಬರುತ್ತಾನೆ. ಸವತಿಯ ಮಗನ ತೇಜಸ್ಸನ್ನು ಕಂಡ ಕೈಕಸಿ ದಶಗ್ರೀವನನ್ನು, ಎಂದರೆ ರಾವಣನನ್ನು, ಕರೆದು, ಅಣ್ಣನನ್ನು ನೋಡು, ನಿನ್ನನ್ನೂ ನೋಡಿಕೋ, ಅವನಂತೆ ಆಗಲು ಯತ್ನಿಸು ಎಂಬರ್ಥದ ಮಾತಾಡುತ್ತಾಳೆ. ಮಗನಿಗೆ ಅದು ನಾಟುತ್ತದೆ. ಅಣ್ಣನಿಗೆ ಸಮನಾಗುತ್ತೇನೆ ಇಲ್ಲವೆ ಮೀರಿಸುತ್ತೇನೆ ಎಂದು ತಾಯಿಗೆ ಮಾತು ಕೊಟ್ಟು, ತಮ್ಮಂದಿರೊಡನೆ ತಪಸ್ಸಿಗೆ ಹೊರಟು ಸೇರುವ ಸ್ಥಳ ಗೋಕರ್ಣ. ಕುಂಭಕರ್ಣ, ವಿಭೀಷಣರ ತಪಸ್ಸೂ ಅಲ್ಲಿಯೇ. ದಶಗ್ರೀವ ಸಾವಿರ ವರ್ಷಕ್ಕೊಂದರಂತೆ ತಲೆ ಕಡಿದು ಅಗ್ನಿಗೆ ಹಾಕುತ್ತಾನೆ. ಹತ್ತನೆಯದನ್ನು ಕಡಿಯಹೊರಟಾಗ ದೇವರು ಪ್ರತ್ಯಕ್ಷನಾಗುತ್ತಾನೆ.

ಪ್ರತ್ಯಕ್ಷನಾಗುವ ಆ ದೇವರು ಬ್ರಹ್ಮ. ಗೋಕರ್ಣದಲ್ಲಿ ರಾವಣ ತಪಸ್ಸು ಮಾಡಿದ ಅತ್ಯಂತ ಹಳೆಯ, ವಿಸ್ತಾರವಾದ ಕಥೆಯಲ್ಲಿ ವರ ಕೊಡುವವನು ಶಿವನಲ್ಲ. ಲಿಂಗದ ಸುದ್ದಿಯೂ ಇಲ್ಲ. ಶಿವನಿಗೂ ರಾವಣನಿಗೂ ಉತ್ತರಕಾಂಡದಲ್ಲಿ ಭೇಟಿಯಾಗುವುದು ಬೇರೆ ಜಾಗದಲ್ಲಿ, ಬೇರೆ ಸಂದರ್ಭದಲ್ಲಿ. ಕುಬೇರನನ್ನು ಸೋಲಿಸಿ ಪುಷ್ಪಕದಲ್ಲಿ ಬರುವಾಗ ವಿಮಾನ ತಡೆಯುತ್ತದೆ. ರಾವಣ ಕೈಲಾಸ ಬೆಟ್ಟವನ್ನೇ ಎತ್ತಲು ಹೋಗುತ್ತಾನೆ. ಶಿವ ಹೆಬ್ಬೆರಳಿಂದ ಒತ್ತುತ್ತಾನೆ. ತೋಳು ಸಿಕ್ಕಿಕೊಂಡ ರಾವಣ ಸಾವಿರ ವರ್ಷ ಅಳುತ್ತ ಸ್ತುತಿಸುತ್ತಾನೆ. ಒಲಿದ ಶಿವ ಕೊಡುವುದು ಚಂದ್ರಹಾಸವೆಂಬ ಖಡ್ಗವನ್ನು.

ಸ್ಥಳಪುರಾಣ ಮಾಡಿದ್ದೇನೆಂದು ಈಗ ಸ್ಪಷ್ಟವಾಗುತ್ತದೆ. ಗೋಕರ್ಣದ ತಪಸ್ಸು, ಕೈಲಾಸದ ಭೇಟಿ ಎರಡನ್ನೂ ಅದು ಒಂದೇ ಹೆಣಿಗೆಗೆ ತಂದಿತು. ತಪಸ್ಸು ಕೈಲಾಸಕ್ಕೆ ಹೋಯಿತು, ವರ ಕೊಡುವವನು ಶಿವನಾದ, ಖಡ್ಗದ ಜಾಗಕ್ಕೆ ಲಿಂಗ ಬಂತು, ಗೋಕರ್ಣ ತಪಸ್ಸಿನ ಆರಂಭದ ಸ್ಥಳವಾಗುವ ಬದಲು ಪ್ರಯಾಣದ ಕೊನೆಯ ಸ್ಥಳವಾಯಿತು. ಇಷ್ಟೆಲ್ಲ ಬದಲಾದರೂ ಬದಲಾಗದೆ ಉಳಿದವಳು ತಾಯಿ. ಉತ್ತರಕಾಂಡದಲ್ಲಿ ಕೈಕಸಿಯ ಕೊರಗು ಮಗನನ್ನು ಗೋಕರ್ಣಕ್ಕೆ ಕಳಿಸುತ್ತದೆ. ಸ್ಥಳಕಥೆಯಲ್ಲಿ ಅವಳ ಕೊರಗು ಅವನನ್ನು ಕೈಲಾಸಕ್ಕೆ ಕಳಿಸಿ ಗೋಕರ್ಣಕ್ಕೆ ಮರಳಿಸುತ್ತದೆ. ಮಹಾಭಾರತದ ರಾಮೋಪಾಖ್ಯಾನದಲ್ಲಿ ರಾವಣನ ತಾಯಿ ಪುಷ್ಪೋತ್ಕಟೆ, ಕೈಕಸಿಯಲ್ಲ. ಗೋಕರ್ಣದ ಕಥೆ ಕೈಕಸಿಯನ್ನೇ ಹಿಡಿದುಕೊಂಡಿರುವುದರಿಂದ ಅದನ್ನು ಕಟ್ಟಿದವರ ಮುಂದೆ ಇದ್ದದ್ದು ಉತ್ತರಕಾಂಡದ ಪರಂಪರೆಯೇ ಎಂದು ಹೇಳಲು ಧೈರ್ಯ ಬರುತ್ತದೆ. ಸವತಿಮತ್ಸರದ ಜಾಗದಲ್ಲಿ ಶಿವಪೂಜೆಯನ್ನಿಟ್ಟದ್ದು ಮಾತ್ರ ಅವರ ಸ್ವಂತದ್ದು. ಕಡಲತಡಿಯಲ್ಲಿ ಹೊಯ್ಗೆಯ ಲಿಂಗ ಮಾಡಿ ಕೂತ ಹೆಣ್ಣುಮಗಳು, ಅದನ್ನು ತೆರೆ ಒಯ್ದಾಗಿನ ಅವಳ ದುಃಖ, ಕಡಲನ್ನು ದಿನವೂ ಕಾಣುವವರ ಕಲ್ಪನೆಗೆ ಸಹಜವಾಗಿ ಒದಗುವ ಚಿತ್ರ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಏಳನೆಯ ಶತಮಾನದ ತಮಿಳು ನಾಯನ್ಮಾರರಾದ ಅಪ್ಪರ್ ಮತ್ತು ಸಂಬಂಧರ್ ಇಬ್ಬರೂ ಗೋಕರ್ಣವನ್ನು ಹಾಡಿದ್ದಾರೆ. ಈ ಹಾಡುಗಳ ಸಂಗ್ರಹವಾದ ತೇವಾರದ ಕ್ಷೇತ್ರಗಳ ಎಣಿಕೆಯಲ್ಲಿ ತುಳುನಾಡಿಗೆ ಸೇರಿದ್ದು ಇದೊಂದೇ. ಸಂಬಂಧರ ಪದಿಗದಲ್ಲಿ ರಾವಣನ ಪ್ರಸ್ತಾಪ ಕಂಡವರು ಆತ್ಮಲಿಂಗದ ಕಥೆಗೆ ಏಳನೆಯ ಶತಮಾನದ ಆಧಾರ ಸಿಕ್ಕಿತೆಂದು ಹಿಗ್ಗಬಹುದು. ಆದರೆ ಬೆಟ್ಟ ಎತ್ತಹೋಗಿ ನಲುಗಿದ ರಾವಣನನ್ನು ಎಂಟನೆಯ ಪದ್ಯದಲ್ಲಿ ನೆನೆಯುವುದು ಸಂಬಂಧರ ಪದಿಗಗಳ ಸಾಮಾನ್ಯ ಕಟ್ಟು. ಯಾವ ಊರನ್ನು ಹಾಡಿದರೂ ರಾವಣ ಅಲ್ಲಿಗೆ ಬರುತ್ತಾನೆ. ಆದ್ದರಿಂದ ಅದು ಆ ಶತಮಾನದಲ್ಲಿ ಕ್ಷೇತ್ರದ ಕೀರ್ತಿ ತಮಿಳುನಾಡಿನವರೆಗೆ ಹಬ್ಬಿತ್ತೆಂಬುದಕ್ಕೆ ಸಾಕ್ಷಿಯೇ ಹೊರತು ಸ್ಥಳಕಥೆಗೆ ಸಾಕ್ಷಿಯಲ್ಲ.

ಲಿಂಗವನ್ನು ಹೊತ್ತು ತರುವ ರಾವಣನ ಕಥೆ ಪುರಾಣಗಳಲ್ಲಿ ಎರಡು ಮೂರು ರೂಪದಲ್ಲಿದೆ. ಇವುಗಳಲ್ಲಿ ವರಾಹಪುರಾಣದ್ದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಆ ಪುರಾಣದ ಕೊನೆಯ ಕಡೆಯಲ್ಲಿ ನೇಪಾಳದ ಗೋಕರ್ಣೇಶ್ವರನ ಮಹಿಮೆ ಬರುತ್ತದೆ. ಶಿವ ಮೃಗರೂಪದಲ್ಲಿ ಶ್ಲೇಷ್ಮಾತಕವನದಲ್ಲಿ ಅಡಗಿರುತ್ತಾನೆ. ಹುಡುಕಿಬಂದ ದೇವತೆಗಳು ಕೊಂಬು ಹಿಡಿಯುತ್ತಾರೆ, ಕೊಂಬು ತುಂಡಾಗುತ್ತದೆ, ಶಿವ ಮಾಯವಾಗುತ್ತಾನೆ. ಇಂದ್ರನ ಕೈಗೆ ಸಿಕ್ಕ ತುದಿ ಸ್ವರ್ಗದಲ್ಲಿ ಪೂಜೆಗೊಳ್ಳುತ್ತದೆ. ಮುಂದೆ ರಾವಣ ಇಂದ್ರನನ್ನು ಗೆದ್ದು ಆ ಶೃಂಗವನ್ನು ಕಿತ್ತು ತರುತ್ತಾನೆ. ಲಂಕೆಯ ದಾರಿಯಲ್ಲಿ ಸಮುದ್ರತೀರದಲ್ಲಿ ಸಂಧ್ಯೋಪಾಸನೆಗೆಂದು ಒಂದು ಗಳಿಗೆ ಕೆಳಗಿಡುತ್ತಾನೆ. ಮತ್ತೆ ಎತ್ತಲು ಹೋದರೆ ಅದು ವಜ್ರದಂತೆ ಕಚ್ಚಿಕೊಂಡಿರುತ್ತದೆ. ಬಿಟ್ಟು ಹೋಗುತ್ತಾನೆ. ಅದೇ ದಕ್ಷಿಣ ಗೋಕರ್ಣ.

ಈ ಪಾಠದಲ್ಲಿ ಕಡಲತೀರವಿದೆ, ಸಂಧ್ಯೆಯಿದೆ, ಏಳದ ಲಿಂಗವಿದೆ. ಗಣಪತಿಯಿಲ್ಲ, ತಾಯಿಯಿಲ್ಲ, ಸೂರ್ಯನಿಗೆ ಅಡ್ಡಬಂದ ಚಕ್ರವಿಲ್ಲ. ರಾವಣನಿಗೆ ಮೋಸವೇ ಆಗಿಲ್ಲ. ಅವನೇ ಇಟ್ಟ, ದೇವರೇ ನಿಂತ. ಗೋಕರ್ಣದ ಕಥೆ ಗಣಪತಿಯಿಲ್ಲದೆಯೂ ಪೂರ್ತಿಯಾಗಿ ನಡೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ಶಿವಪುರಾಣದ ಕೋಟಿರುದ್ರಸಂಹಿತೆಗೆ ಬಂದರೆ, ಅಲ್ಲಿ ರಾವಣ ಕೈಲಾಸದಿಂದ ಲಿಂಗ ಹೊತ್ತು ತರುವ ವಿವರವಾದ ಕಥೆ ವೈದ್ಯನಾಥ ಜ್ಯೋತಿರ್ಲಿಂಗದ್ದು. ಅಲ್ಲಿ ರಾವಣನಿಗೆ ಮೂತ್ರಶಂಕೆಯಾಗುತ್ತದೆ. ಒಬ್ಬ ಗೋಪನ ಕೈಗೆ ಲಿಂಗ ಕೊಡುತ್ತಾನೆ. ಗೋಪ ಭಾರ ತಾಳದೆ ಇಳಿಸಿಬಿಡುತ್ತಾನೆ. ದನ ಕಾಯುವ ಹುಡುಗ ಇಲ್ಲಿ ಬಂದ, ಆದರೆ ಅವನಿನ್ನೂ ಗಣಪತಿಯಾಗಿಲ್ಲ.

ರಾವಣನ ಲಿಂಗ, ಗಣಪತಿ ಎರಡೂ ಸ್ಕಾಂದಪುರಾಣದ ಬ್ರಹ್ಮೋತ್ತರಖಂಡದಲ್ಲಿ ಒಂದಾಗುತ್ತವೆ. ರಾವಣನೆಂಬ ರಾಕ್ಷಸ ಘೋರ ತಪಸ್ಸಿನಿಂದ ಪಡೆದ ಲಿಂಗವನ್ನು ಗಣನಾಯಕ ಗೋಕರ್ಣದಲ್ಲಿ ಸ್ಥಾಪಿಸಿದನೆಂಬ ಅರ್ಥದ ಒಂದೇ ಒಂದು ಶ್ಲೋಕ ಅಲ್ಲಿದೆ. ಹೇಗೆ, ಏಕೆ ಎಂಬ ವಿವರಣೆಯಿಲ್ಲ. ಕೇಳುವವರಿಗೆ ಕಥೆ ಗೊತ್ತಿದೆ ಎಂದುಕೊಂಡವನು ಮಾತ್ರ ಹೀಗೆ ಹೇಳಿ ಮುಂದೆ ಹೋಗಬಲ್ಲ. ಆ ಅಧ್ಯಾಯಗಳ ಮುಖ್ಯ ಕಥೆಯೂ ಇದಲ್ಲ. ಬ್ರಹ್ಮಹತ್ಯೆ ಬೆನ್ನಟ್ಟಿದ ಕಲ್ಮಾಷಪಾದ ರಾಜನಿಗೆ ಗೌತಮ ಋಷಿ ಗೋಕರ್ಣದ ದಾರಿ ತೋರುತ್ತಾನೆ. ತೋರುತ್ತ, ತಾನು ಕಣ್ಣಾರೆ ಕಂಡ ಒಬ್ಬ ಚಾಂಡಾಲಿಯ ಕಥೆ ಹೇಳುತ್ತಾನೆ. ಕುರುಡಿ, ರೋಗಿಷ್ಠೆ, ಹಸಿದವಳು. ಶಿವರಾತ್ರಿಗೆ ಹೊರಟ ಯಾತ್ರಿಕರ ಹಿಂದೆ ಬೇಡುತ್ತ ಗೋಕರ್ಣ ಮುಟ್ಟಿದವಳು. ಚಾಚಿದ ಕೈಗೆ ಯಾರೋ ಬಿಲ್ವದ ಕುಡಿ ಹಾಕುತ್ತಾರೆ. ತಿನ್ನಲು ಬಾರದೆಂದು ತಡವಿ ತಿಳಿದು ಅವಳು ಎಸೆಯುತ್ತಾಳೆ. ಅದು ಹೋಗಿ ಲಿಂಗದ ಮೇಲೆ ಬೀಳುತ್ತದೆ. ಊಟ ಸಿಗದ್ದರಿಂದ ಉಪವಾಸವಾಯಿತು, ಹಸಿವಿಗೆ ನಿದ್ದೆ ಬಾರದ್ದರಿಂದ ಜಾಗರಣೆಯಾಯಿತು. ಅಷ್ಟಕ್ಕೇ ಶಿವದೂತರು ವಿಮಾನ ತಂದರು. ಗೋಕರ್ಣದ ಮಹಿಮೆಯೆಂದು ಆ ಪುರಾಣಕಾರ ಎದೆಯಾಳದಿಂದ ಹೇಳಬಯಸಿದ್ದು ಈ ಕಥೆಯನ್ನು. ಇಂದು ಜನರ ಬಾಯಲ್ಲಿ ಆತ್ಮಲಿಂಗದ ಕಥೆ ಇದನ್ನು ಹಿಂದಿಕ್ಕಿರುವುದು ನನಗೆ ನಿಜಕ್ಕೂ ನಷ್ಟವೆನಿಸುತ್ತದೆ.

ಇನ್ನು ಗಣಪತಿ. ಮಹಾಬಲೇಶ್ವರನ ಗುಡಿಯ ಹತ್ತಿರದಲ್ಲೇ ಅವನ ಪ್ರತ್ಯೇಕ ಗುಡಿಯಿದೆ. ಮೂರ್ತಿ ನಿಂತ ಭಂಗಿಯದು, ಎರಡೇ ಕೈ. ನಾವು ಸಾಮಾನ್ಯವಾಗಿ ಕಾಣುವ, ನಾಲ್ಕು ಕೈಯ, ಪಾಶ ಅಂಕುಶ ಹಿಡಿದು ಕೂತ ಗಣಪತಿಗೂ ಇದಕ್ಕೂ ಮೇಲುನೋಟಕ್ಕೇ ಅಂತರ ಕಾಣುತ್ತದೆ. ಇದೇ ಕರಾವಳಿಯ ಇಡಗುಂಜಿಯ ಗಣಪತಿಯೂ ದ್ವಿಭುಜ, ನಿಂತದ್ದು. ಮೂರ್ತಿಶಾಸ್ತ್ರದ ಅಭ್ಯಾಸಿಗಳು ಎರಡು ಕೈಯ ಗಣಪತಿಯನ್ನು ಹಳೆಯ ಮಾದರಿಯೆಂದು ಗುರುತಿಸುತ್ತಾರೆ. ಗೋಕರ್ಣದ ಮೂರ್ತಿಯ ನೆತ್ತಿಯಲ್ಲಿ ಒಂದು ತಗ್ಗು ಇದೆ. ರಾವಣ ಗುದ್ದಿದ ಗುರುತೆಂದು ಅರ್ಚಕರು ಅದನ್ನು ತೋರಿಸುತ್ತಾರೆ.

ಈಗ ನನ್ನ ಊಹೆ. ಮೂರ್ತಿ ಮೊದಲು, ಕಥೆ ಆಮೇಲೆ. ಆಯುಧವಿಲ್ಲದೆ, ಎರಡು ಕೈಯಲ್ಲಿ, ಎಳೆಯ ಹುಡುಗನಂತೆ ನೆಟ್ಟಗೆ ನಿಂತ ಗಣಪತಿ ಲಿಂಗದ ಸಮೀಪ ಮೊದಲೇ ಇದ್ದ. ದನ ಕಾಯುವ ಗೋಪನೊಬ್ಬ ಲಿಂಗವನ್ನು ಇಳಿಸಿದನೆಂಬ ಕಥೆ ಬೇರೆಡೆ ಪ್ರಚಲಿತವಿತ್ತು. ಗೋಕರ್ಣದಲ್ಲಿ ಆ ಗೋಪನ ಜಾಗಕ್ಕೆ ನಿಲ್ಲಲು ಇವನಿಗಿಂತ ತಕ್ಕವರಿರಲಿಲ್ಲ. ಮಾಣಿಯ ರೂಪ ಅವನಿಗೆ ಕಥೆ ಕೊಟ್ಟದ್ದಲ್ಲ, ಶಿಲೆಯಲ್ಲೇ ಇದ್ದದ್ದು. ನೆತ್ತಿಯ ತಗ್ಗಿಗೆ ಕಾರಣ ಮಾತ್ರ ಕಥೆಯಿಂದ ಬಂತು. ಈ ಊಹೆಗೆ ಬಲ ಕೊಡುವ ಹೋಲಿಕೆ ತಿರುಚಿರಾಪಳ್ಳಿಯಲ್ಲಿದೆ. ರಾಮ ಕೊಟ್ಟ ರಂಗನಾಥನ ಮೂರ್ತಿಯನ್ನು ವಿಭೀಷಣ ಲಂಕೆಗೆ ಒಯ್ಯುವಾಗ ಕಾವೇರಿಯ ದಡದಲ್ಲಿ ಒಬ್ಬ ಹುಡುಗನ ಕೈಗೆ ಕೊಟ್ಟ, ಹುಡುಗ ಕೆಳಗಿಟ್ಟ, ಅದು ಶ್ರೀರಂಗವಾಯಿತು. ಅಟ್ಟಿಸಿಕೊಂಡು ಹೋದ ವಿಭೀಷಣ ಬಂಡೆಯ ತುದಿಯಲ್ಲಿ ಹುಡುಗನನ್ನು ಹಿಡಿದು ಹಣೆಗೆ ಹೊಡೆದ, ಅವನೇ ಉಚ್ಚಿ ಪಿಳ್ಳೈಯಾರ್ ಎಂದು ಅಲ್ಲಿನ ಐತಿಹ್ಯ. ಅಲ್ಲಿಯೂ ಮೂರ್ತಿಯ ಮೇಲೆ ಪೆಟ್ಟಿನ ಗುರುತು ತೋರಿಸುತ್ತಾರೆ. ಅಣ್ಣನಿಗೆ ಗೋಕರ್ಣದಲ್ಲಿ ಆದದ್ದು ತಮ್ಮನಿಗೆ ಶ್ರೀರಂಗದಲ್ಲಿ ಆಗಿದೆ. ದೇವರು ಲಂಕೆಗೆ ಹೋಗದೆ ಈಚೆ ದಡದಲ್ಲೇ ಉಳಿದದ್ದಕ್ಕೆ ದಕ್ಷಿಣದ ಜನ ಗಣಪತಿಗೆ ಋಣಿಗಳು.

ಆದರೆ ಗೋಕರ್ಣದ ಕಥೆಯಲ್ಲಿ ಒಂದು ಸೂಕ್ಷ್ಮ ಹೆಚ್ಚಿದೆ. ವೈದ್ಯನಾಥದಲ್ಲಿ ರಾವಣ ಸೋಲುವುದು ದೇಹಬಾಧೆಗೆ. ಇಲ್ಲಿ ಸೋಲುವುದು ನಿಷ್ಠೆಗೆ. ಆತ್ಮಲಿಂಗ ಕೈಯಲ್ಲಿದ್ದರೂ ಸಂಜೆಯ ಅರ್ಘ್ಯ ತಪ್ಪಿಸಲು ಅವನಿಗೆ ಮನಸ್ಸಿಲ್ಲ. ಮಾಣಿ ಕೂಗುವಾಗ ಅವನು ಅರ್ಘ್ಯದ ನಡುವೆ ಇದ್ದಾನೆ, ಎದ್ದು ಬರುವಂತಿಲ್ಲ. ಅವನನ್ನು ಕಟ್ಟಿಹಾಕಿದ್ದು ಅವನದೇ ಆಚಾರ. ಇದನ್ನು ಕಟ್ಟಿದವರು ಸಂಧ್ಯಾವಂದನೆಯ ಶಿಸ್ತನ್ನು ಒಳಗಿನಿಂದ ಬಲ್ಲವರು, ಗೋಕರ್ಣದ ವೈದಿಕ ಮನೆತನಗಳಲ್ಲೇ ಹುಟ್ಟಿದವರು ಎಂದು ನನಗನ್ನಿಸುತ್ತದೆ. ಸೂರ್ಯನನ್ನು ಮರೆಮಾಡುವ ಚಕ್ರ ಬಂದದ್ದೂ ಇದೇ ಕಾರಣಕ್ಕೆ: ಶ್ರದ್ಧೆಯುಳ್ಳವನನ್ನು ಮೋಸಗೊಳಿಸಬೇಕಾದರೆ ಹೊತ್ತನ್ನೇ ಸುಳ್ಳಾಗಿಸಬೇಕು. ಕಥೆ ರಾವಣನನ್ನು ದೂಷಿಸುವುದಿಲ್ಲ, ಕರಾವಳಿಯಲ್ಲಿ ಇದನ್ನು ಹೇಳುವವರೂ ಅವನನ್ನು ದೊಡ್ಡ ಶಿವಭಕ್ತನೆಂದೇ ಹೇಳುತ್ತಾರೆ.

ಗರ್ಭಗುಡಿಗೆ ಹೋದವರಿಗೆ ಕಥೆಯ ಇನ್ನೊಂದು ಆಧಾರ ಕೈಗೇ ಸಿಗುತ್ತದೆ. ಬೇರೆ ಶಿವಾಲಯಗಳಲ್ಲಿ ಪಾಣಿಪೀಠದ ಮೇಲೆ ಎದ್ದು ನಿಂತ ಲಿಂಗ ದೂರದಿಂದಲೇ ಕಾಣುತ್ತದೆ. ಇಲ್ಲಿ ಕಾಣುವುದು ಪೀಠ, ಅದರ ನಡುವೆ ಒಂದು ಕಿರಿದಾದ ಕುಳಿ. ಬಗ್ಗಿ ನೀರು ಎರೆದು ಬಿಲ್ವವಿಟ್ಟು ಕುಳಿಯೊಳಗೆ ಬೆರಳಿಳಿಸಿದರೆ ತುದಿಗೆ ಒರಟಾದ, ಅಂಕುಡೊಂಕಾದ ಕಲ್ಲಿನ ನೆತ್ತಿ ತಗಲುತ್ತದೆ. ಅದೇ ಆತ್ಮಲಿಂಗ. ಅದರ ಪೂರ್ತಿ ಆಕಾರ ಕಾಣುವ ಅವಕಾಶ ನಲವತ್ತು ವರ್ಷಗಳಿಗೊಮ್ಮೆ ನಡೆಯುವ ಅಷ್ಟಬಂಧದ ಹೊತ್ತಿಗೆ ಎಂಬುದು ಕ್ಷೇತ್ರದ ಸಂಪ್ರದಾಯ. ನೆಲದಾಳಕ್ಕೆ ಇಳಿದು ಹೋದ, ಮೇಲ್ಭಾಗ ತಿರುಚಿದಂತಿರುವ ಲಿಂಗವೊಂದು ಕಣ್ಣೆದುರು ಇದ್ದಾಗ, ಇದನ್ನು ಯಾರೋ ಬಲಶಾಲಿ ಹಿಡಿದು ಎಳೆದಿರಬೇಕು, ಆದರೂ ಕೀಳಲಾಗಲಿಲ್ಲ ಎಂಬ ಯೋಚನೆ ಬಾರದಿರಲು ಸಾಧ್ಯವೇ? ಎತ್ತಲಾಗದೆ ಬಿಟ್ಟುಹೋದನೆಂಬ ವರಾಹಪುರಾಣದ ಮಾತಿಗೆ ತಿರುಚಿದನೆಂಬ ವಿವರ ಸೇರಿದ್ದು ಬೆರಳಿಗೆ ತಗಲುವ ಈ ಕಲ್ಲಿನಿಂದ ಎಂದು ನಾನು ತಿಳಿದಿದ್ದೇನೆ.

ಯಾತ್ರಾಕ್ರಮವೂ ಕಥೆಯನ್ನು ಕಾಯುತ್ತ ಬಂದಿದೆ. ಕೋಟಿತೀರ್ಥದಲ್ಲಿ ಮಿಂದು, ಮೊದಲು ಗಣಪತಿಗೆ ಕೈಮುಗಿದು, ಆಮೇಲೆ ಮಹಾಬಲೇಶ್ವರನ ದರ್ಶನ. ಲಿಂಗ ಇಲ್ಲಿ ಉಳಿದದ್ದು ಅವನಿಂದ, ಪೆಟ್ಟು ತಿಂದವನೂ ಅವನು, ಆದ್ದರಿಂದ ಮೊದಲ ಪೂಜೆ ಅವನದೆಂದು ಶಿವನೇ ಅನುಗ್ರಹಿಸಿದನೆಂದು ಹೇಳುತ್ತಾರೆ. ಗಣಪತಿಗೆ ಮೊದಲ ಪೂಜೆ ಎಲ್ಲ ಕಡೆಯೂ ಇದ್ದದ್ದೇ. ಗೋಕರ್ಣ ಆ ಸಾಮಾನ್ಯ ನಿಯಮಕ್ಕೆ ತನ್ನದೇ ಕಾರಣ ಕಂಡುಕೊಂಡಿದೆ.

ಸ್ಥಳಪುರಾಣಗಳಲ್ಲಿ ಉಗಮದ ಬೇರೆ ಕಥೆಗಳೂ ಇವೆಯೆಂಬುದನ್ನು ಮರೆಯುವಂತಿಲ್ಲ. ಸ್ಕಾಂದಕ್ಕೆ ಸೇರಿದ್ದೆಂದು ಹೇಳಿಕೊಳ್ಳುವ ಗೋಕರ್ಣಪುರಾಣದ ಪರಂಪರೆಯಲ್ಲಿ, ಪಾತಾಳದಲ್ಲಿ ತಪಸ್ಸಿಗಿದ್ದ ರುದ್ರ ಹಸುವಿನ ರೂಪ ತಾಳಿದ ಭೂದೇವಿಯ ಕಿವಿಯಿಂದ ಮೇಲೆ ಬಂದ ಸ್ಥಳ ಇದು. ಬ್ರಹ್ಮಾಂಡಪುರಾಣದಲ್ಲಿ ಸಗರನ ಮಕ್ಕಳು ಅಗೆದು ಹಿಗ್ಗಿಸಿದ ಸಮುದ್ರದಲ್ಲಿ ಗೋಕರ್ಣ ಮುಳುಗಿಹೋಗುತ್ತದೆ. ಅಲ್ಲಿನ ಋಷಿಗಳು ಮಹೇಂದ್ರಪರ್ವತದಲ್ಲಿದ್ದ ಪರಶುರಾಮನ ಬಳಿಗೆ ಹೋಗಿ 'ನೆಲ ಬಿಡಿಸಿಕೊಡು' ಎನ್ನುತ್ತಾರೆ. ಅವನು ವರುಣನನ್ನು ಹಿಂದೆ ಸರಿಸುತ್ತಾನೆ. ಗೋಕರ್ಣದಿಂದ ಕನ್ಯಾಕುಮಾರಿವರೆಗಿನ ನೆಲ ಪರಶುರಾಮಕ್ಷೇತ್ರವೆಂಬ ನಂಬಿಕೆಯಲ್ಲಿ ಈ ಊರು ಬಡಗಣ ಗಡಿ. ಮಹಾಭಾರತ ಗೋಕರ್ಣವನ್ನು ಸಮುದ್ರದ ನಡುವೆ ಇಟ್ಟದ್ದಕ್ಕೂ ಈ ಮುಳುಗಿದ ಕ್ಷೇತ್ರದ ನೆನಪಿಗೂ ನಂಟಿರುವಂತೆ ಕಾಣುತ್ತದೆ.

ಹೀಗೆ ಹಲವು ಕಥೆಗಳಿದ್ದರೂ ಗೆದ್ದದ್ದು ರಾವಣ ಗಣಪತಿಯರ ಕಥೆ. ಅದಕ್ಕೆ ಒಂದು ಮುಖ್ಯ ಕಾರಣ ಗುರುಚರಿತ್ರೆ. ಸರಸ್ವತಿ ಗಂಗಾಧರನ ಆ ಮರಾಠಿ ಗ್ರಂಥದಲ್ಲಿ ದತ್ತಾವತಾರವೆಂದು ನಂಬಲಾದ ಶ್ರೀಪಾದ ಶ್ರೀವಲ್ಲಭರು ಗೋಕರ್ಣದಲ್ಲಿ ಮೂರು ವರ್ಷ ಇದ್ದರೆಂಬ ಪ್ರಸ್ತಾಪವಿದೆ. ಅವರು ಅಲ್ಲಿಗೇ ಏಕೆ ಹೋದರೆಂದು ಶಿಷ್ಯ ಕೇಳಿದಾಗ ಉತ್ತರವಾಗಿ ಆರನೆಯ ಅಧ್ಯಾಯದಲ್ಲಿ ತಾಯಿಯ ಲಿಂಗಪೂಜೆಯಿಂದ ಹಿಡಿದು ಗಣಪತಿಯ ಕೂಗಿನವರೆಗೆ ಇಡೀ ಕಥೆ ಬರುತ್ತದೆ. ಏಳನೆಯದು ಕಲ್ಮಾಷಪಾದ ಮತ್ತು ಚಾಂಡಾಲಿಯ ಕಥೆ. ದತ್ತಭಕ್ತರ ಮನೆಗಳಲ್ಲಿ ಸಪ್ತಾಹ ಪಾರಾಯಣವಾಗಿ ಓದುವ ಗ್ರಂಥದಲ್ಲಿ ಸೇರಿದ ಮೇಲೆ ಕಥೆಗೆ ಒಂದು ಸ್ಥಿರರೂಪ ಬಂತು. ಕರ್ನಾಟಕದಲ್ಲಿ ಅದನ್ನು ಮತ್ತಷ್ಟು ಹರಡಿದ್ದು ರಂಗಭೂಮಿ. ಯಕ್ಷಗಾನದಲ್ಲಿ ಭೂಕೈಲಾಸ ಪ್ರಸಂಗವಿದೆ. ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರ ನಾಟಕ ಮಂಡಳಿ ಆಡುತ್ತಿದ್ದ ಭೂಕೈಲಾಸ ನಾಟಕ 1940ರಲ್ಲಿ ತೆಲುಗು ಚಿತ್ರವಾಯಿತು. ನಾಯ್ಡು ಅವರೇ ರಾವಣ, ನಾಗೇಂದ್ರರಾಯರೇ ನಾರದ. 1958ರ ಕನ್ನಡ ಭೂಕೈಲಾಸದಲ್ಲಿ ರಾಜ್‌ಕುಮಾರ್ ರಾವಣನಾದರು. ಮಾಯೆಗೆ ಮರುಳಾದ ರಾವಣ ಶಿವನಲ್ಲಿ ಪಾರ್ವತಿಯನ್ನೇ ಬೇಡುವ ಪ್ರಕರಣ, ನಾರದನ ಕಿತಾಪತಿ, ಮಂಡೋದರಿಯ ಮದುವೆ ಇವೆಲ್ಲ ಚಿತ್ರದಿಂದಲೇ ಇಂದಿನ ಬಹಳ ಜನರಿಗೆ ಪರಿಚಿತ.

ಗೋಕರ್ಣವೂ ಸೇರಿ ಐದು ಶಿವಾಲಯಗಳನ್ನು ಬೆಸೆಯುವ ಪಂಚಕ್ಷೇತ್ರದ ಭಾಗ ಮಾತ್ರ ಅಪ್ಪಟ ಕರಾವಳಿಯದು. ಸೋತ ರಾವಣ ಲಿಂಗದ ಹೊದಿಕೆಗಳನ್ನು ಸಿಟ್ಟಿನಿಂದ ದಿಕ್ಕುದಿಕ್ಕಿಗೆ ಬೀಸಿದ. ಕರಡಿಗೆ ಕಾರವಾರದ ಬಳಿಯ ಶೇಜೇಶ್ವರದಲ್ಲಿ ಬಿತ್ತು, ಮುಚ್ಚಳ ಗುಣವಂತೆಯಲ್ಲಿ, ದಾರ ಧಾರೇಶ್ವರದಲ್ಲಿ, ವಸ್ತ್ರ ಮುರುಡೇಶ್ವರದ ಕಂದುಕಗಿರಿಯಲ್ಲಿ. ಮೇಲೆ ನೋಡಿದ ಯಾವ ಪುರಾಣದಲ್ಲೂ ಇದು ಕಾಣುವುದಿಲ್ಲ. ಕಾಳಿ ನದಿಯ ಬಾಯಿಂದ ಭಟ್ಕಳದ ಸೀಮೆಯವರೆಗೆ ಕಡಲಂಚಿಗೆ ಸಾಲಾಗಿ ನಿಂತ, ತಮ್ಮತಮ್ಮ ಊರಿನವರು ನಡೆಸಿಕೊಂಡು ಬಂದ ಐದು ಶಿವಾಲಯಗಳನ್ನು ಒಂದೇ ಬಳಗವಾಗಿ ಕಂಡವರ ಕಲ್ಪನೆ ಇದು. ಮುಖ್ಯ ಕ್ಷೇತ್ರದ ದೇವರಲ್ಲಿ ತಮ್ಮ ಊರಿಗೂ ಪಾಲಿರಬೇಕೆಂಬ ಹಂಬಲ ಇದರ ಹಿಂದಿದೆ. ಈಗ ಮುರುಡೇಶ್ವರದಲ್ಲಿ 123 ಅಡಿ ಎತ್ತರದ ಶಿವನ ವಿಗ್ರಹದ ಕೆಳಗೆ ಗುಹೆಯಂತೆ ಕಟ್ಟಿ, ಕೈಕಸಿಯ ಪೂಜೆಯಿಂದ ವಸ್ತ್ರ ಬಿದ್ದದ್ದರ ತನಕ ಕಥೆಯನ್ನು ಆಳೆತ್ತರದ ಬೊಂಬೆಗಳಲ್ಲಿ ನಿಲ್ಲಿಸಿದ್ದಾರೆ. ಗೋಕರ್ಣ ನೋಡದವರೂ ಅಲ್ಲಿ ಟಿಕೆಟ್ ಕೊಂಡು ಗೋಕರ್ಣದ ಕಥೆ ನೋಡುತ್ತಾರೆ. ವಸ್ತ್ರದ ಪಾಲು ಪಡೆದ ಊರು ಇಡೀ ಕಥೆಯನ್ನು ಹೇಳುವ ಹೊಣೆಯನ್ನೂ ಹೊತ್ತುಕೊಂಡಿದೆ; ಅದು ಹೇಳುವ ಪಾಠವೇ ಮುಂದಿನ ತಲೆಮಾರಿಗೆ ಮೂಲಪಾಠವಾಗುವ ಸಂಭವ ಹೆಚ್ಚು. ಹಾಗಾಗಿ ಶೇಜೇಶ್ವರ, ಗುಣವಂತೆ, ಧಾರೇಶ್ವರಗಳಲ್ಲಿ ಹಿರಿಯರು ಹೇಳುವ ಪಾಠಗಳನ್ನು ಅವರವರ ಮಾತಿನಲ್ಲೇ ಬರೆದಿಟ್ಟುಕೊಳ್ಳುವ ಕೆಲಸ ಈಗಲೇ ಆಗಬೇಕು.